ಗುಳೆ ಹೋದ ಕಸುಬು, ಗುಳೆ ಬಂದ ಕಸುಬು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದ ವರ್ತಕರೂ ಸಣ್ಣ ಉದ್ದಿಮೆದಾರರೂ ಕೂಡಿದ ಸಭೆಯೆಂದರೆ ಅಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಬೇಳೆ ಗಿರಣಿಗೆ ಫಿಟ್ಟರ್ ದೊರೆಯುವುದಿಲ್ಲ, ಫ್ಯಾಬ್ರಿಕೇಶನ್ ಶೆಡ್ಡಿಗೆ ವೆಲ್ಡರ್ ನಿಲ್ಲುವುದಿಲ್ಲ, ಕಟ್ಟಡದ ಗುತ್ತಿಗೆದಾರನಿಗೆ ನುರಿತ ಗೌಂಡಿ ಸಿಗುವುದಿಲ್ಲ. ಅದೇ ಹೊತ್ತಿಗೆ ಅದೇ ಊರುಗಳ ಬಸ್ ನಿಲ್ದಾಣಗಳಿಂದ ಪುಣೆ, ಗೋವಾ, ಮಂಗಳೂರು, ಬೆಂಗಳೂರುಗಳ ಕಡೆಗೆ ಗಂಟುಮೂಟೆ ಸಹಿತ ಸಂಸಾರಗಳು ಬಸ್ಸು ಹತ್ತುತ್ತಿರುತ್ತವೆ. ಹಾಗೆ ಹೋದವರ ಕಸುಬನ್ನು ಅಲ್ಲಿಯ ಮಾಲೀಕರು ಬಳಸಿಕೊಳ್ಳುತ್ತಾರೆ. ಇಲ್ಲಿಯ ಮಾಲೀಕರು ಬಿಹಾರ, ರಾಜಸ್ಥಾನಗಳಿಂದ ಬಂದವರ ದಾರಿ ನೋಡುತ್ತಾರೆ. ಈ ವಿಚಿತ್ರವನ್ನು ಬರಗಾಲದ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ಸುಲಭ. ಆದರೆ ಅದರಲ್ಲಿ ಉದ್ದಿಮೆದಾರರ ಪಾಲೂ ಇದೆ.

ಭೀಮೆ ಒಂದು ಅಂಚಿಗೆ, ಕೃಷ್ಣೆ ಇನ್ನೊಂದು ಅಂಚಿಗೆ ಹರಿದರೂ ನಡುವಿನ ಎರೆಭೂಮಿ ಬಹುಕಾಲ ಮಳೆಯನ್ನೇ ನಂಬಿ ಬದುಕಿತು. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯು ರಾಜ್ಯದ ಆಗಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ನೆರೆಯ ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ದೊರೆತ 371(ಜೆ) ವಿಧಿಯ ಅನುಕೂಲ ಈ ಜಿಲ್ಲೆಗೆ ಬರಲಿಲ್ಲ. ಹೊಲ ಕೈಕೊಟ್ಟ ವರ್ಷ ದುಡಿಯುವ ಕೈ ಊರು ಬಿಡುವುದು ಇಲ್ಲಿ ತಲೆಮಾರುಗಳ ರೂಢಿ. ತಾಂಡಾಗಳಿಂದ ಕಬ್ಬು ಕಡಿಯಲು, ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆ, ಪಟ್ಟಣಗಳಿಂದ ಗ್ಯಾರೇಜು, ಕಾರ್ಖಾನೆಗಳಿಗೆ ಜನ ಹೊರಟರು. ಗೋವಾದ ವಾಸ್ಕೋ ಸುತ್ತಿನ ಬಡಾವಣೆಗಳಲ್ಲಿ ಕನ್ನಡ ಮನೆಮಾತಾಗಿರುವುದು ಇದರಿಂದಲೇ. ಕರಾವಳಿಯಲ್ಲಂತೂ ಕಟ್ಟಡ ಕೂಲಿಯವರು ಯಾವ ಜಿಲ್ಲೆಯವರಾದರೂ ಅನೇಕರ ಬಾಯಲ್ಲಿ ‘ಬಿಜಾಪುರದವರು’ ಆಗಿಬಿಟ್ಟಿದ್ದಾರೆ.

ಹೋಗುವಾಗ ಇವರು ಬರಿಗೈಯ ಕೂಲಿಗಳು; ಹತ್ತು ವರ್ಷದ ಮೇಲೆ ಮರಳುವಾಗ ಹಾಗಲ್ಲ. ಇಟ್ಟಿಗೆ ಹೊರಲು ಹೋದವನು ಗೌಂಡಿಯಾಗಿ, ಸಳಿ ಎಳೆಯಲು ಹೋದವನು ಬಾರ್ ಬೆಂಡರ್ ಆಗಿ, ಗ್ಯಾಸ್ ಸಿಲಿಂಡರು ಉರುಳಿಸಲು ಹೋದವನು ವೆಲ್ಡರ್ ಆಗಿ ಬಂದಿರುತ್ತಾನೆ. ಅವನ ಬಳಿ ಇಲ್ಲದಿರುವುದು ಅದನ್ನು ಸಾರುವ ಕಾಗದ ಮಾತ್ರ. ಕೆಲಸ ಕಲಿಸಿದ ಮೇಸ್ತ್ರಿ ಪುಣೆಯಲ್ಲಿ, ಕಟ್ಟಿದ ಕಟ್ಟಡ ಪಣಜಿಯಲ್ಲಿ. ಊರಿನ ಮಾಲೀಕನೆದುರು ನಿಂತಾಗ ಅವನು ಮತ್ತೆ ಇಂಥವರ ಮಗ, ಇಂಥ ಓಣಿಯವನು, ಅಷ್ಟೆ. ದಿನಗೂಲಿಯ ಮಾತು ಅಲ್ಲಿಂದಲೇ ಆರಂಭವಾಗುತ್ತದೆ.

ಇನ್ನೊಂದು ತೊಡಕು ಬಲು ಸಣ್ಣದು, ಆದರೆ ದುಬಾರಿಯದು. ಕೆಲಸದ ಮೇಲೆ ಕಲಿತವನ ಅಳತೆ ಸೂತಿನಲ್ಲಿರುತ್ತದೆ. ಅಂಗುಲದ ಎಂಟನೆಯ ಒಂದು ಭಾಗಕ್ಕೆ ಒಂದು ಸೂತು. ಅವನಿಗೆ ಮೂರು ಸೂತಿನ ಸಳಿ, ನಾಲ್ಕು ಸೂತಿನ ಸಳಿ ಗೊತ್ತು. ನಕ್ಷೆಯಲ್ಲಿರುವುದು 10, 12, 16 ಮಿಲಿಮೀಟರ್. ಬಗ್ಗಿಸುವ ಕೈಗೆ ಒಂದಿಷ್ಟೂ ತಪ್ಪಿಲ್ಲ. ಕಾಗದ ಓದುವ ಕಣ್ಣಿಗೆ ಮಾತ್ರ ಅಭ್ಯಾಸವಿಲ್ಲ. ಮೊದಲ ದಿನವೇ ನಕ್ಷೆ ಕೊಟ್ಟು ಕೆಲಸ ಕೆಟ್ಟಿತೆಂದು ಅವನನ್ನು ಕಳುಹಿಸುವ ಮಾಲೀಕನು ಹತ್ತು ವರ್ಷದ ಅನುಭವವನ್ನು ಹತ್ತು ದಿನದ ಪಾಠದ ಆಸೆಗೆ ಕಳೆದುಕೊಂಡಂತಾಯಿತು. ಆ ಪಾಠ ಹೇಳಲು ತರಬೇತಿ ಕೇಂದ್ರವೇ ಬೇಕೆಂದಿಲ್ಲ. ನಕ್ಷೆ ಬಲ್ಲ ಹಳೆಯ ಕೆಲಸಗಾರನೊಬ್ಬ ಪಕ್ಕದಲ್ಲಿ ನಿಂತರೆ ಸಾಕು.

2020ರಲ್ಲಿ ಇದನ್ನೆಲ್ಲ ಸರಿಪಡಿಸುವ ಅವಕಾಶವೊಂದು ತಾನಾಗಿ ಬಾಗಿಲಿಗೆ ಬಂದಿತ್ತು. ಕೊರೊನಾ ಲಾಕ್‌ಡೌನ್ ಸಡಿಲವಾದಾಗ ಮಹಾರಾಷ್ಟ್ರದಿಂದ ಜನ ಧೂಳಖೇಡದ ಚೆಕ್‌ಪೋಸ್ಟ್ ದಾಟಿ ಊರು ಸೇರಿದರು. ಅವರನ್ನು ಶಾಲೆ, ವಸತಿನಿಲಯಗಳಲ್ಲಿ ಕ್ವಾರಂಟೈನ್‌ನಲ್ಲಿ ಇರಿಸಲಾಯಿತು. ಅಲ್ಲಿ ಜ್ವರದ ಲೆಕ್ಕ ಬರೆದುಕೊಂಡಷ್ಟು ಶ್ರದ್ಧೆಯಿಂದ ಯಾರಿಗೆ ಯಾವ ಕಸುಬು ಬರುತ್ತದೆಂದು ಬರೆದುಕೊಂಡಿದ್ದರೆ ಈ ಭಾಗದ ಉದ್ದಿಮೆಗಳಿಗೆ ಒಂದು ಬೆಲೆಬಾಳುವ ಪುಸ್ತಕ ದೊರೆಯುತ್ತಿತ್ತು. ಮರಳಿದ ಕಾರ್ಮಿಕರಿಗೆಂದು ಕೇಂದ್ರವು ಆ ಜೂನ್‌ನಲ್ಲಿ ಆರಂಭಿಸಿದ ಗರೀಬ್ ಕಲ್ಯಾಣ ರೋಜಗಾರ್ ಅಭಿಯಾನದ 116 ಜಿಲ್ಲೆಗಳು ಆರು ರಾಜ್ಯಗಳಿಗೆ ಸೇರಿದ್ದವು; ಕರ್ನಾಟಕ ಅವುಗಳಲ್ಲಿ ಇರಲಿಲ್ಲ. ಉದ್ಯೋಗ ಖಾತರಿಯ ಹೂಳೆತ್ತುವ ಕೆಲಸ ಹೊಟ್ಟೆಗೆ ಆಸರೆಯಾಯಿತು, ನಿಜ. ಆದರೆ ಟೈಲ್ಸ್ ಕೂಡಿಸುವವನೂ ಲೇತ್ ನಡೆಸುವವನೂ ಒಂದೇ ಸಾಲಿನಲ್ಲಿ ಸಲಿಕೆ ಹಿಡಿದರು. ಮಹಾನಗರಗಳು ಮತ್ತೆ ಬಾಗಿಲು ತೆರೆದಾಗ ಅನೇಕರು ಹೋದ ದಾರಿಯಲ್ಲಿಯೇ ಮರಳಿ ನಡೆದರು.

ಈಗ ನಾಣ್ಯದ ಇನ್ನೊಂದು ಮುಖ. ಕೂಡಗಿಯ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರದ 800 ಮೆಗಾವಾಟಿನ ಮೂರು ಘಟಕಗಳು ಏಳುತ್ತಿದ್ದಾಗ ಬಾಗೇವಾಡಿ ಸೀಮೆಯ ಚಹಾದಂಗಡಿಗಳಲ್ಲಿಯೂ ಹಿಂದಿ ಕೇಳತೊಡಗಿತು. ಇಂದು ಅಮೃತಶಿಲೆ, ಪೀಠೋಪಕರಣಗಳ ಕೆಲಸದಲ್ಲಿ ರಾಜಸ್ಥಾನದವರು, ಗೋದಾಮು, ಗಿರಣಿಗಳಲ್ಲಿ ಬಿಹಾರದವರು ಈ ಜಿಲ್ಲೆಯಲ್ಲಿ ಅಪರೂಪದವರಲ್ಲ. ನಮ್ಮವರು ಪುಣೆಯಲ್ಲಿ ಏನಾಗಿದ್ದಾರೋ ಅವರು ಇಲ್ಲಿ ಅದೇ ಆಗಿದ್ದಾರೆ.

2023ರ ಡಿಸೆಂಬರ್ 4ರಂದು ವಿಜಯಪುರದ ಕೈಗಾರಿಕಾ ಪ್ರದೇಶದ ಆಹಾರ ಸಂಸ್ಕರಣಾ ಘಟಕವೊಂದರಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ ಕುಸಿದು ಏಳು ಜನ ಕಾರ್ಮಿಕರು ಮಡಿದರು. ಏಳೂ ಜನ ಬಿಹಾರದವರು. ಅವಘಡದ ಹೊಣೆ ಯಾರದೆಂಬುದು ತನಿಖೆ, ನ್ಯಾಯಾಲಯಗಳ ವಿಷಯ. ಆದರೆ ಆ ರಾತ್ರಿಯ ಅನಂತರ ಚೀಲ ಒಟ್ಟುವ, ಯಂತ್ರ ತಿರುಗಿಸುವ ಪ್ರತಿಯೊಬ್ಬ ಮಾಲೀಕನೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಹೊಸದಾಗಿ ಬಂದ ಪರರಾಜ್ಯದ ಕೆಲಸಗಾರನಿಗೆ ಎಲ್ಲಿ ನಿಲ್ಲಬಾರದು, ಯಾವ ಸಪ್ಪಳ ಕೇಳಿದರೆ ಓಡಬೇಕು ಎಂದು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿದವರು ಯಾರು? ಗೋಡೆಗೆ ಹಚ್ಚಿದ ಕನ್ನಡ ಫಲಕ ಅವನ ಪಾಲಿಗೆ ಬರೀ ಬಣ್ಣ. ಅವನ ಭಾಷೆಯಲ್ಲಿ ನಾಲ್ಕು ಮಾತು ಬಲ್ಲ ಹಳೆಯ ಹಮಾಲನೊಬ್ಬನನ್ನು ಮೊದಲ ತಿಂಗಳು ಅವನಿಗೆ ಜೊತೆ ಮಾಡಿಕೊಡುವುದಕ್ಕೆ ತಗಲುವ ಖರ್ಚು ಎಷ್ಟು? ಲೆಕ್ಕ ಹಾಕಿ ನೋಡಿದರೆ ಒಂದು ಲಾರಿ ತುಂಬುವ ಹಮಾಲಿಯಷ್ಟೂ ಆಗಲಾರದು.

ಹೀಗೆ ಹೊಸಬನಿಗೆ ಹಳಬನನ್ನು ಜೊತೆ ಮಾಡುವುದನ್ನು ಈಗ ವಿದೇಶಗಳಲ್ಲಿ ದೊಡ್ಡ ಯೋಜನೆಗಳಾಗಿ ನಡೆಸುತ್ತಾರೆ. ಕೆನಡಾದ ಟೊರಾಂಟೊದಲ್ಲಿ ವಲಸಿಗರ ಉದ್ಯೋಗಕ್ಕೆಂದೇ 2003ರಲ್ಲಿ ಮಂಡಳಿಯೊಂದು ಸ್ಥಾಪನೆಯಾಗಿ, ಮರುವರ್ಷ ಮಾರ್ಗದರ್ಶಿ ಯೋಜನೆಯನ್ನು ಆರಂಭಿಸಿತು. ಹೊರದೇಶದಿಂದ ಬಂದ ಎಂಜಿನಿಯರನಿಗೆ ಅಲ್ಲಿಯ ಎಂಜಿನಿಯರ್, ಲೆಕ್ಕಿಗನಿಗೆ ಲೆಕ್ಕಿಗ ಕೆಲವು ತಿಂಗಳು ಬಿಡುವಿನ ವೇಳೆಯಲ್ಲಿ ಮಾರ್ಗ ತೋರಿಸುತ್ತಾನೆ. ಅಲ್ಲಿಗೆ ಹೋದ ವಿದ್ಯಾವಂತ ಭಾರತೀಯರು ಎದುರಿಸುತ್ತ ಬಂದ ಮೊದಲ ಪ್ರಶ್ನೆ, ‘ಕೆನಡಾದ ಅನುಭವ ಇದೆಯೇ?’ ಎಂಬುದು. ಅದಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅದಿಲ್ಲ. ಆಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗವು 2013ರಲ್ಲಿ ಇಂಥ ನಿಬಂಧನೆಯನ್ನು ಮೇಲ್ನೋಟಕ್ಕೇ ತಾರತಮ್ಯವೆಂದು ಸಾರಿತು. ಬಾಗೇವಾಡಿಯ ಗೌಂಡಿಗೆ ಬಾಗೇವಾಡಿಯಲ್ಲಿಯೇ ‘ಇಲ್ಲಿ ಯಾರ ಕೈಕೆಳಗೆ ಮಾಡಿದ್ದೀ?’ ಎಂದು ಕೇಳುವುದು ಅದರದೇ ಇನ್ನೊಂದು ರೂಪ.

ವಾಸ್ತವದಲ್ಲಿ ಪದ್ಧತಿ ನಮಗೆ ಹೊಸದಲ್ಲ. ಗ್ಯಾರೇಜಿನ ‘ಉಸ್ತಾದ’ ಮಾಡುತ್ತ ಬಂದದ್ದು ಇದನ್ನೇ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಅವನದು ತಾನೇ ಆರಿಸಿಕೊಂಡ ಕಾಯಕ. ಇಂದಿನ ವಲಸಿಗನು ಕೈಯಲ್ಲಿರುವ ವಿದ್ಯೆ ಬಿಟ್ಟು ಕಟ್ಟಿಗೆ ಹೊರುವುದು ಆರಿಸಿಕೊಂಡಲ್ಲ ಎಂಬುದೇ ವ್ಯತ್ಯಾಸ.

ಉಸ್ತಾದನ ಪದ್ಧತಿಯಲ್ಲಿ ಕೊರತೆಯೂ ಇದೆ. ಕಲಿಸಿದವನು ತನ್ನ ಕೆಲಸಕ್ಕೇ ಕುತ್ತು ಬಂದೀತೆಂದು ಕೊನೆಯ ಗುಟ್ಟು ಬಚ್ಚಿಡುತ್ತಾನೆ. ಮಾಲೀಕನು ಕಲಿಸುವವನಿಗೆ ತಿಂಗಳಿಗೆ ಇಷ್ಟೆಂದು ಬೇರೆ ಭತ್ಯೆ ಗೊತ್ತುಮಾಡಿ, ಕಲಿತವನು ಬಂದರೂ ಅವನ ಸ್ಥಾನಕ್ಕೆ ಚ್ಯುತಿಯಿಲ್ಲವೆಂದು ಬಾಯಿಮಾತಿನಲ್ಲಲ್ಲ, ಪಗಾರ ಪುಸ್ತಕದಲ್ಲಿ ತೋರಿಸಿದರೆ ಗುಟ್ಟು ತಾನಾಗಿ ಹೊರಬೀಳುತ್ತದೆ. ವಯಸ್ಸಾಗಿ ಕಣ್ಣು ಮಂದವಾದ ಟರ್ನರ್, ನಿವೃತ್ತ ಫಿಟ್ಟರ್ ಇಂಥವರಿಗೆ ಅರ್ಧ ದಿನದ ಗೌರವಯುತ ಕೆಲಸವೂ ಆಗುತ್ತದೆ.

ಮಾಲೀಕರ ಭಯ ಬೇರೆ. ಕಲಿಸಿದ ಮೇಲೆ ಬಿಟ್ಟುಹೋದರೆ? ಈ ಭಯಕ್ಕೆ ಕಬ್ಬಿನ ಗ್ಯಾಂಗುಗಳ ಮುಕಾದಮರು ಕಂಡುಕೊಂಡ ಉತ್ತರ ಮುಂಗಡ ಹಣ. ಸಣ್ಣ ಉದ್ದಿಮೆಗಳಲ್ಲಿಯೂ ಅದನ್ನು ಅನುಸರಿಸುವವರಿದ್ದಾರೆ. ಸಾಲ ತೀರುವವರೆಗೆ ಕದಲಬಾರದೆಂದು ಆಳನ್ನು ಕಟ್ಟಿಹಾಕುವುದು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಅಂಥವರು ಮರೆಯಬಾರದು. ಕಾಯಿದೆಯ ಮಾತು ಬಿಟ್ಟರೂ ಮುಂಗಡವು ಕೈಯನ್ನು ಹಿಡಿದೀತೇ ಹೊರತು ಕಸುಬಿನ ಶ್ರದ್ಧೆಯನ್ನಲ್ಲ. ವೆಲ್ಡರ್ ಪುಣೆಗೆ ಹೋಗುವುದು ಕೂಲಿಯ ವ್ಯತ್ಯಾಸಕ್ಕಾಗಿ. ಅಲ್ಲಿಯ ಖೋಲಿ ಬಾಡಿಗೆ, ಮಕ್ಕಳ ಶಾಲೆ, ಊರಲ್ಲಿ ಬಿಟ್ಟುಬಂದ ಮುದಿ ತಂದೆತಾಯಿ ಇವನ್ನು ಕಳೆದರೆ ಆ ವ್ಯತ್ಯಾಸ ಎಷ್ಟೋ ಸಲ ತೆಳ್ಳಗಾಗುತ್ತದೆ. ವರ್ಷದ ಹನ್ನೆರಡು ತಿಂಗಳೂ ಕೆಲಸವೆಂಬ ಭರವಸೆ, ಭವಿಷ್ಯನಿಧಿ, ಇಎಸ್‌ಐ ಇದ್ದರೆ ಅವನು ಲೆಕ್ಕ ಹಾಕಬಲ್ಲ.

ಸರ್ಕಾರಿ ಅನುಕೂಲಗಳನ್ನು ಸಣ್ಣ ಘಟಕಗಳು ಬಳಸಿಕೊಳ್ಳದಿರುವುದಕ್ಕೆ ಬಹುತೇಕ ಮಾಹಿತಿಯ ಅಭಾವವೇ ಕಾರಣ. 1961ರ ಅಪ್ರೆಂಟಿಸ್ ಕಾಯಿದೆಯ ಅನ್ವಯ 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಘಟಕಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿರುವಲ್ಲಿ ಐಚ್ಛಿಕ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ಪ್ರೋತ್ಸಾಹ ಯೋಜನೆಯಲ್ಲಿ ಕೇಂದ್ರವು ಸ್ಟೈಪೆಂಡಿನ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ ಭರಿಸುವ ಏರ್ಪಾಡು ಬಂದಿತು. ಇದು ಹೊಸ ಹುಡುಗರಿಗೆ. ಕಸುಬು ಬಲ್ಲ ಹಿರಿಯ ವಲಸಿಗರಿಗೆ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯ ಅಡಿಯಲ್ಲಿ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆ ಬಂದಿತು: ಕೆಲವು ದಿನಗಳ ಪರಿಚಯ ಪಾಠ, ಅನಂತರ ಪರೀಕ್ಷೆ, ಪ್ರಮಾಣಪತ್ರ. ಪತ್ರವೇ ಸರ್ವಸ್ವವಲ್ಲ. ಅರ್ಧ ದಿನದ ಕೂಲಿ ಕೊಟ್ಟು ಒಂದು ಜೋಡಣೆ ಬೆಸೆಯಲು ಹಚ್ಚಿದರೆ ಯಾವ ಪತ್ರಕ್ಕಿಂತಲೂ ಬೇಗ ಸತ್ಯ ತಿಳಿಯುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಪರರಾಜ್ಯದ ಕಾರ್ಮಿಕರಿರುವ ಮಾಲೀಕರು ಗಮನಿಸಲೇಬೇಕು. 1979ರ ಹಳೆಯ ಕಾಯಿದೆ ಗುತ್ತಿಗೆದಾರನ ಮೂಲಕ ಬಂದವರನ್ನು ಮಾತ್ರ ಅಂತರರಾಜ್ಯ ವಲಸೆ ಕಾರ್ಮಿಕರೆಂದು ಪರಿಗಣಿಸುತ್ತಿತ್ತು. ಸಂಹಿತೆಯು ತಾವಾಗಿ ಬಂದು ಕೆಲಸಕ್ಕೆ ಸೇರಿದವರನ್ನೂ ವೇತನದ ಮಿತಿಗೆ ಒಳಪಟ್ಟು ಆ ವ್ಯಾಖ್ಯೆಯಲ್ಲಿ ತಂದಿದೆ. ಊರಿಗೆ ಹೋಗಿಬರುವ ಖರ್ಚಿನ ಭತ್ಯೆಯೂ ಅದರಲ್ಲಿದೆ. ‘ಅವನು ನಮ್ಮವನಲ್ಲ, ಠೇಕೇದಾರನವನು’ ಎಂಬ ಹಳೆಯ ಉತ್ತರವನ್ನು ನೆಚ್ಚಿಕೊಂಡು ಕೂರುವ ಕಾಲ ಇದಲ್ಲ.

ಹೆಂಗಸರ ವಿಷಯ ಯಾವ ಸಭೆಯಲ್ಲಿಯೂ ಬರುವುದಿಲ್ಲ. ಗಂಡನ ಜೊತೆ ಗೋವಾಕ್ಕೆ ಹೋದ ತಾಂಡಾದ ಹೆಣ್ಣುಮಗಳು ಹತ್ತು ವರ್ಷ ಗಿಲಾವಿನ ಕೆಲಸದ ಪಕ್ಕದಲ್ಲಿಯೇ ನಿಂತು ಮಾಲು ಕಲಸಿ ಕೊಟ್ಟಿರುತ್ತಾಳೆ. ಸಿಮೆಂಟಿನ ಹದ ಅವಳ ಕೈಗೆ ಗೊತ್ತು. ಆದರೂ ಅವಳು ಕೊನೆಯವರೆಗೆ ‘ಹೆಲ್ಪರ್’. ಗೌಂಡಿ ಎಂಬ ಹೆಸರೂ ಆ ಕೂಲಿಯೂ ಅವಳಿಗಿಲ್ಲ. ಕುಶಲರ ಅಭಾವವೆಂದು ದೂರುವ ಗುತ್ತಿಗೆದಾರರು ಈ ಕಡೆ ಒಮ್ಮೆ ಕಣ್ಣು ಹಾಯಿಸಬಹುದು. ಇಂಡಿಯ ಲಿಂಬೆ ಭೌಗೋಳಿಕ ಸೂಚಕದ ಮನ್ನಣೆ ಪಡೆದು 2025ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ರಫ್ತಾಯಿತು. ಆರಿಸುವ, ದರ್ಜೆ ಕಟ್ಟುವ, ಪೆಟ್ಟಿಗೆ ತುಂಬುವ ಕೆಲಸ ಬೆಳೆದಂತೆ ಅಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ: ಹೆಂಗಸರು ಆರಿಸುವ ಸಾಲಿನಲ್ಲಿಯೇ ಉಳಿಯುವರೋ, ಮೇಲ್ವಿಚಾರಣೆಯ ಮೇಜಿಗೂ ಬರುವರೋ?

ವರ್ತಕರ ಸಂಘಗಳು ಈ ಕೆಲಸವನ್ನು ಆರಂಭಿಸಲು ದೊಡ್ಡ ನಿಧಿ ಬೇಕಾಗಿಲ್ಲ. ಗುಳೆ ಹೋದವರು ಊರಿಗೆ ಬರುವ ದಿನಗಳು ಎಲ್ಲರಿಗೂ ಗೊತ್ತು: ಯುಗಾದಿ, ಮೊಹರಂ, ಊರ ಜಾತ್ರೆ, ಬಿತ್ತನೆಯ ಮುಂಗಾರು. ಆ ವಾರ ಎಪಿಎಂಸಿ ಪ್ರಾಂಗಣದಲ್ಲಿ ಒಂದು ಮೇಜು, ಒಂದು ದಾಖಲೆ ಪುಸ್ತಕ, ಒಂದು ವೆಲ್ಡಿಂಗ್ ಯಂತ್ರ, ಎರಡು ಟ್ರಿಪ್ ಇಟ್ಟಿಗೆ ಇದ್ದರೆ ಸಾಕು. ಹೆಸರು, ಊರು, ಕಸುಬು, ಎಲ್ಲಿ ಎಷ್ಟು ವರ್ಷ ಮಾಡಿದ್ದು, ಈಗಿನ ಕೂಲಿ, ಇಲ್ಲಿ ಎಷ್ಟು ಸಿಕ್ಕರೆ ಉಳಿದಾರು ಎಂಬ ಐದಾರು ಕಾಲಮುಗಳು. ಪಕ್ಕದಲ್ಲಿ ಇನ್ನೊಂದು ಪುಸ್ತಕ ಮಾಲೀಕರದು: ಯಾವ ಕೆಲಸ, ಎಷ್ಟು ಜನ, ಕೂಲಿ ಎಷ್ಟು, ಮೊದಲ ತಿಂಗಳು ಜೊತೆಗಿದ್ದು ಕಲಿಸುವವರು ಯಾರು. ಈ ಕೊನೆಯ ಕಾಲಮನ್ನು ಖಾಲಿ ಬಿಟ್ಟ ಮಾಲೀಕನ ಅರ್ಜಿಯನ್ನು ಮಾತ್ರ ಮೇಜಿನಿಂದಲೇ ಹಿಂದಿರುಗಿಸತಕ್ಕದ್ದು.