ವಿದ್ಯಾಭ್ಯಾಸದ ಸಾಲದ ವರ್ಗಾವಣೆಯೂ ಪತ್ತಿನ ರಕ್ಷಣೆಯೂ

ಬ್ಯಾಂಕಿನ ಸಾಲದಿಂದ ಉನ್ನತ ವ್ಯಾಸಂಗವನ್ನು ಪೂರೈಸಿ ಉದ್ಯೋಗಕ್ಕೆ ಸೇರಿದ ತರುಣರನ್ನು, "ನಮ್ಮಲ್ಲಿ ಬಡ್ಡಿ ಕಡಿಮೆ, ಸಾಲವನ್ನು ಇಲ್ಲಿಗೆ ವರ್ಗಾಯಿಸಿರಿ" ಎಂದು ಬೇರೊಂದು ಬ್ಯಾಂಕು ಕರೆಯುವುದುಂಟು. ಹೊಸ ಬ್ಯಾಂಕು ಹಳೆಯ ಸಾಲವನ್ನು ತೀರಿಸಿ, ಆ ಮೊತ್ತವನ್ನು ತನ್ನ ಲೆಕ್ಕದಲ್ಲಿ ಹೊಸ ಸಾಲವಾಗಿ ಬರೆದುಕೊಳ್ಳುವುದೇ ಈ ವರ್ಗಾವಣೆ. ಇದರಿಂದ ಲಾಭವಾಗಬಹುದು, ಎಚ್ಚರ ತಪ್ಪಿದರೆ ಪತ್ತಿಗೆ ಕುಂದೂ ಬರಬಹುದು.

ಪತ್ತೆಂದರೆ ಸಾಲಗಾರನಲ್ಲಿ ಸಾಲ ಕೊಡುವವನಿಗಿರುವ ನಂಬಿಕೆ. ಹಿಂದೆ ಊರಿನ ಸಹಕಾರಿ ಸಂಘದವರಿಗೆ ಅದು ಮುಖಪರಿಚಯದಿಂದಲೇ ತಿಳಿಯುತ್ತಿತ್ತು. ಈಗ ಅದನ್ನು ಅಂಕಗಳಲ್ಲಿ ಅಳೆಯುವರು. 2000ರಲ್ಲಿ ಸ್ಥಾಪಿತವಾದ ಸಿಬಿಲ್ ಸಂಸ್ಥೆಯು 300ರಿಂದ 900ರವರೆಗೆ ಅಂಕವನ್ನು ಕೊಡುತ್ತದೆ. ವಿದ್ಯಾಭ್ಯಾಸದ ಸಾಲಪತ್ರಕ್ಕೆ ಸಾಮಾನ್ಯವಾಗಿ ತಂದೆಯೋ ತಾಯಿಯೋ ಸಹಸಾಲಗಾರರಾಗಿ ರುಜು ಹಾಕಿರುವರಷ್ಟೆ. ಆದುದರಿಂದ ಮಗನು ತಪ್ಪಿಸಿದ ಕಂತು ತಂದೆಯ ಅಂಕವನ್ನೂ ತಗ್ಗಿಸುತ್ತದೆ. ಮುಂದೆ ತಂಗಿಯ ಓದಿಗಾಗಿ ಸಾಲ ಕೇಳುವಾಗ ಅದೇ ಅಡ್ಡಿಯಾಗಿ ನಿಲ್ಲಬಹುದು.

ಮೊದಲು ಲಾಭದ ಲೆಕ್ಕವನ್ನು ನೋಡೋಣ. 4,00,000 ರೂಪಾಯಿ ಸಾಲ ಉಳಿದಿದೆ, ಬಡ್ಡಿ ಶೇಕಡಾ 12, ಅವಧಿ 7 ವರ್ಷ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 7,061 ರೂಪಾಯಿ. ಶೇಕಡಾ 10ರ ಬಡ್ಡಿಗೆ ವರ್ಗಾಯಿಸಿ ಅವಧಿಯನ್ನು 7 ವರ್ಷಕ್ಕೇ ನಿಲ್ಲಿಸಿದರೆ ಕಂತು 6,640ಕ್ಕೆ ಇಳಿದು, ಒಟ್ಟು ಸುಮಾರು 35,000 ರೂಪಾಯಿ ಉಳಿಯುವುದು. ಆದರೆ ಹೊಸ ಬ್ಯಾಂಕು ಅವಧಿಯನ್ನು 10 ವರ್ಷಕ್ಕೆ ಬೆಳೆಸಿದರೆ ಕಂತು 5,286 ಮಾತ್ರ ಆದರೂ, ಹಳೆಯ ಸಾಲದಲ್ಲಿ ಕಟ್ಟಬೇಕಾಗಿದ್ದುದಕ್ಕಿಂತ ಸುಮಾರು 41,000 ರೂಪಾಯಿ ಹೆಚ್ಚು ತೆತ್ತಂತಾಗುವುದು! ಕಂತು ಕಿರಿದಾದೊಡನೆ ಸಾಲ ಅಗ್ಗವಾಯಿತೆಂದು ತಿಳಿಯಲಾಗದು. ಹೊಸ ಬ್ಯಾಂಕಿನ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಬೇಕು. ಬದಲಾಗುವ ಬಡ್ಡಿದರದ ಇಂತಹ ಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ಕೇಳಕೂಡದೆಂದು ರಿಸರ್ವ್ ಬ್ಯಾಂಕು 2014ರಲ್ಲಿಯೇ ವಿಧಿಸಿದೆ.

ವರ್ಗಾವಣೆಗೆ ಮುನ್ನ ಹಳೆಯ ಬ್ಯಾಂಕನ್ನೇ ಬಡ್ಡಿ ಇಳಿಸುವಂತೆ ಬರಹದಲ್ಲಿ ಕೇಳುವುದು ಲೇಸು. ಒಪ್ಪಿದರೆ ಹೊಸ ಸಾಲದ ಗೋಜೇ ಇಲ್ಲ. ಒಪ್ಪದಿದ್ದರೆ, ನಾಲ್ಕಾರು ಕಡೆ ದರವನ್ನು ಬಾಯಿಮಾತಿನಲ್ಲಿ ವಿಚಾರಿಸಿ, ಒಂದೆರಡು ಕಡೆ ಮಾತ್ರ ಅರ್ಜಿ ಹಾಕಬೇಕು. ಪ್ರತಿಯೊಂದು ಅರ್ಜಿಗೂ ಬ್ಯಾಂಕು ನಮ್ಮ ವರದಿಯನ್ನು ತರಿಸಿ ನೋಡುವುದು. ಅಲ್ಪಕಾಲದಲ್ಲಿ ಹಲವರು ತರಿಸಿದರೆ ಅಂಕ ಇಳಿಯುವುದು. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಇಳಿಯದು. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕೂ ನಮಗಿದೆ.

ನಿಜವಾದ ಅಪಾಯವಿರುವುದು ಎರಡು ಬ್ಯಾಂಕುಗಳ ನಡುವಣ ಕೆಲವು ವಾರಗಳಲ್ಲಿ. ಹೊಸ ಸಾಲ ಮಂಜೂರಾಯಿತೆಂದು ಹಳೆಯ ಕಂತನ್ನು ನಿಲ್ಲಿಸಿಬಿಡುವವರಿದ್ದಾರೆ. ಮಂಜೂರಾತಿಯೇ ಬೇರೆ, ಹಳೆಯ ಸಾಲಕ್ಕೆ ಹಣ ಸಂದಾಯವಾಗುವುದೇ ಬೇರೆ. ಆ ನಡುವೆ ಬಂದ ಕಂತು ತಪ್ಪಿದರೆ ಅದು ವರದಿಯಲ್ಲಿ ದಾಖಲಾಗುತ್ತದೆ. ಹಳೆಯ ಖಾತೆ ಮುಕ್ತಾಯವಾದ ಬೇಬಾಕಿ ಪತ್ರವು ಕೈಗೆ ಬರುವವರೆಗೆ ಕಂತು ಕಟ್ಟುತ್ತಲೇ ಇರತಕ್ಕದ್ದು. ಹೆಚ್ಚಿಗೆ ಸಂದ ಹಣವನ್ನು ಮರಳಿ ಕೇಳಿ ಪಡೆಯಬಹುದು. ತಪ್ಪಿದ ಕಂತಿನ ಗುರುತು ಮಾತ್ರ ಬಹುಕಾಲ ಉಳಿಯುವುದು. ಜಮೀನನ್ನು ಆಧಾರವಾಗಿಟ್ಟಿದ್ದರೆ ಅದರ ಮೂಲಪತ್ರಗಳು ಎಲ್ಲಿವೆಯೆಂಬುದನ್ನೂ ಬರಹದಲ್ಲಿ ಪಡೆಯಿರಿ. ಗಡಿನಾಡಿನ ನಮಗೆ ಈ ಕಾಗದಗಳು ಕನ್ನಡದಲ್ಲಿ ಸಿಗುವುದು ವಿರಳ. ತಿಳಿದವರಿಂದ ಓದಿಸಿಕೊಂಡು ರುಜು ಹಾಕುವುದರಲ್ಲಿ ನಾಚಿಕೆಯೇನೂ ಇಲ್ಲ.

ಎರಡು ತಿಂಗಳ ಬಳಿಕ ವರದಿಯನ್ನು ಮತ್ತೊಮ್ಮೆ ನೋಡಬೇಕು. ಹಳೆಯ ಸಾಲವು "ಮುಕ್ತಾಯ" ಎಂದು ಕಾಣದೆ ಇನ್ನೂ ಬಾಕಿಯೆಂದು ಕಂಡರೆ, ಬೇಬಾಕಿ ಪತ್ರದ ಪ್ರತಿಯೊಡನೆ ದೂರು ಕೊಡಿರಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ, ಆ ಬಳಿಕ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು 2023ರ ರಿಸರ್ವ್ ಬ್ಯಾಂಕಿನ ಆದೇಶವಿದೆ.