ಮೈಸೂರು ಜಾವಾ ಮತ್ತು ಎಲೆಕ್ಟ್ರಾನಿಕ್ ಇಗ್ನಿಷನ್

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು ೧೯೬೦ರ ದಶಕದ ಆರಂಭದಿಂದ ೧೯೯೬ರವರೆಗೆ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಮೊದಲು ಚೆಕೊಸ್ಲೊವಾಕಿಯದ ಪರವಾನಗಿಯ ಮೇಲೆ ಜಾವಾ ಎಂಬ ಹೆಸರಿನಲ್ಲಿ, ೧೯೭೦ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ. ಕಾರ್ಖಾನೆಯ ಬಾಗಿಲು ಮುಚ್ಚಿದರೂ ಆ ಗಾಡಿಗಳು ನಿಂತಿಲ್ಲ. ಉದ್ಯೋಗಕ್ಕಾಗಿ ಪುಣೆ, ಮುಂಬಯಿ, ಹೈದರಾಬಾದುಗಳನ್ನು ಸೇರಿದ ನಮ್ಮವರಲ್ಲಿ ತಂದೆಯ ಅಥವಾ ಸೋದರಮಾವನ ಗಾಡಿಯನ್ನು ರೈಲಿನಲ್ಲಿ ಹಾಕಿಸಿ ತರಿಸಿಕೊಂಡವರು ಉಂಟು. ಇಂಥವರು ಗ್ಯಾರೇಜಿಗೆ ಹೋದರೆ ಈಗ ದೊರೆಯುವ ಸಲಹೆ ಬಹುಮಟ್ಟಿಗೆ ಒಂದೇ: "ಪಾಯಿಂಟ್ ಕಿತ್ತುಹಾಕಿ ಎಲೆಕ್ಟ್ರಾನಿಕ್ ಮಾಡಿಸಿಬಿಡಿ ಸಾರ್, ತಲೆನೋವೇ ಇರೋದಿಲ್ಲ." ಈ ಸಲಹೆಯಲ್ಲಿ ಸತ್ಯವೆಷ್ಟು, ಕೈಯಲ್ಲಿರುವ ಹಣವನ್ನು ಇದಕ್ಕೆ ಸುರಿಯುವ ಮೊದಲು ನೋಡತಕ್ಕದ್ದೇನು ಎಂಬುದನ್ನು ವಿಚಾರಮಾಡೋಣ. ೨೦೧೮ರಲ್ಲಿ ಜಾವಾ ಹೆಸರನ್ನು ಮತ್ತೆ ಧರಿಸಿ ಬಂದ ಗಾಡಿಗಳು ಬೇರೆಯೇ ಜಾತಿಯವು. ಈ ಮಾತು ಅವುಗಳಿಗೆ ಅನ್ವಯಿಸದು.

ಜಾವಾ ೨೫೦ರ ಇಂಜಿನು ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಯಂತ್ರ. ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟುವುದಕ್ಕೆ ತುಸು ಮೊದಲು, ಪ್ರತಿಯೊಂದು ಸುತ್ತಿಗೂ ಒಂದು ಸಲ, ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಬ್ಯಾಟರಿಯಲ್ಲಿರುವುದು ೬ ವೋಲ್ಟ್ ಮಾತ್ರ. ಪ್ಲಗ್ಗಿನ ಸಂದಿಯನ್ನು ದಾಟಿ ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಇದನ್ನು ಒದಗಿಸುವುದು ಕಾಯಿಲ್. ಅದರೊಳಗೆ ಒಂದೇ ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ಸುತ್ತುಗಳೂ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ದಪ್ಪ ತಂತಿಯಲ್ಲಿ ಬ್ಯಾಟರಿಯ ಪ್ರವಾಹ ಹರಿಯುತ್ತಿರುವಾಗ ಕಾಯಿಲಿನಲ್ಲಿ ಕಾಂತಶಕ್ತಿ ತುಂಬಿಕೊಳ್ಳುತ್ತದೆ. ಆ ಪ್ರವಾಹವನ್ನು ಥಟ್ಟನೆ ಕಡಿದರೆ ಕಾಂತಶಕ್ತಿ ಒಮ್ಮೆಲೇ ಕುಸಿದು, ಸಣ್ಣ ತಂತಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಹುಟ್ಟುತ್ತದೆ. ಕಿಡಿಯ ಗುಟ್ಟೆಲ್ಲ ಈ "ಥಟ್ಟನೆ" ಎಂಬ ಮಾತಿನಲ್ಲಿದೆ. ಪ್ರವಾಹ ನಿಧಾನವಾಗಿ ಕಡಿದರೆ ಕಿಡಿಯೂ ಸಪ್ಪೆಯಾಗುವುದು.

ಹಾಗೆ ಕಡಿಯುವ ಕೆಲಸ ಪಾಯಿಂಟಿನದು. ಇಂಜಿನ್ನಿನ ಬಲಗಡೆಯ ಮುಚ್ಚಳವನ್ನು ತೆಗೆದರೆ ಡೈನಮೋ ಕಾಣುತ್ತದೆ. ಅದರ ತಿರುಗುವ ಭಾಗ ಕ್ರ್ಯಾಂಕಿನ ತುದಿಯ ಮೇಲೆಯೇ ಕುಳಿತಿದೆ. ಅಲ್ಲಿರುವ ಪುಟ್ಟ ಕ್ಯಾಮು ಪ್ರತಿ ಸುತ್ತಿಗೂ ಪಾಯಿಂಟಿನ ಹಿಮ್ಮಡಿಯನ್ನು ಎತ್ತಿ, ಎರಡು ಗುಂಡಿಗಳನ್ನು ಸುಮಾರು ೦.೪ ಮಿಲಿಮೀಟರಿನಷ್ಟು ಅಗಲಿಸುತ್ತದೆ. ಅಗಲುವ ಕ್ಷಣದಲ್ಲಿ ಆ ಗುಂಡಿಗಳ ನಡುವೆಯೇ ಕಿಡಿ ಹಾರಿ ಶಕ್ತಿ ಸೋರಿಹೋಗಬಾರದೆಂದು ಪಕ್ಕದಲ್ಲಿ ಕಂಡೆನ್ಸರ್ ಇಟ್ಟಿದ್ದಾರೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತ ೧೯೧೦ರ ಆಸುಪಾಸಿನಲ್ಲಿ ಮೋಟಾರು ಕಾರುಗಳಿಗಾಗಿ ರೂಢಿಗೆ ತಂದ ಈ ಏರ್ಪಾಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿನ ವಾಹನಗಳನ್ನು ಓಡಿಸಿತು. ಅದನ್ನು ಹಳೇಕಾಲದ ಕಂದಾಚಾರವೆಂದು ತಳ್ಳಿಹಾಕುವವರು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆದರೂ ಪಾಯಿಂಟಿಗೆ ಬೀಳುವ ಕೆಲಸ ಸಾಮಾನ್ಯವಲ್ಲ. ಇಂಜಿನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವಾಗ ಗುಂಡಿಗಳು ಸೆಕೆಂಡಿಗೆ ೫೦ ಸಲ ಬಿಚ್ಚಿ ಮುಚ್ಚುತ್ತವೆ. ಅದೇ ವೇಗದಲ್ಲಿ ನಲವತ್ತು ನಿಮಿಷ ಪ್ರಯಾಣಮಾಡಿ ಕಾರ್ಖಾನೆಯನ್ನು ಮುಟ್ಟುವವನ ಗಾಡಿಯಲ್ಲಿ ಒಂದು ಹೊತ್ತಿಗೇ ೧,೨೦,೦೦೦ ಸಲ. ಪ್ರತಿ ಸಲವೂ ಕೆಲವು ಆಂಪಿಯರ್ ಪ್ರವಾಹವನ್ನು ಕಡಿಯಬೇಕು. ಗುಂಡಿಗಳು ಸುಟ್ಟು, ಒಂದರಲ್ಲಿ ಕುಳಿಯೂ ಇನ್ನೊಂದರಲ್ಲಿ ಗುಬುಟೂ ಏಳುತ್ತವೆ. ಹಿಮ್ಮಡಿಯು ಕ್ಯಾಮಿಗೆ ಉಜ್ಜಿ ಸವೆಯುತ್ತದೆ. ಹಿಮ್ಮಡಿ ಸವೆದಷ್ಟೂ ಸಂದಿ ಕಿರಿದಾಗುತ್ತದೆ, ಸಂದಿ ಕಿರಿದಾದಷ್ಟೂ ಗುಂಡಿಗಳು ತಡವಾಗಿ ಬಿಚ್ಚುತ್ತವೆ, ಕಿಡಿಯೂ ತಡವಾಗುತ್ತದೆ. ಇಂಜಿನು ಬಿಸಿಯೇರಿ, ಎಳೆಯುವ ಶಕ್ತಿ ಕುಗ್ಗುತ್ತದೆ. ಇದು ಒಂದು ದಿನದಲ್ಲಿ ಆಗುವುದಲ್ಲವಾದ್ದರಿಂದ ಸವಾರನಿಗೆ ತಿಳಿಯುವುದೂ ಇಲ್ಲ. ತಿಳಿಯುವುದು ಬೆಳಗಿನ ಪಾಳಿಗೆ ಹೊರಟು, ಹತ್ತು ಕಿಕ್ ಹೊಡೆದರೂ ಗಾಡಿ ಉಸಿರೆತ್ತದಿದ್ದಾಗ.

ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಈ ಸವೆತವಿಲ್ಲ. ಗುಂಡಿಗಳಿಗೆ ಬದಲಾಗಿ, ಹಾದುಹೋಗುವ ಅಯಸ್ಕಾಂತವನ್ನು ಗುರುತಿಸುವ ಒಂದು ಪುಟ್ಟ ಸೆನ್ಸರು ಸಂಕೇತ ಕೊಡುತ್ತದೆ. ಪ್ರವಾಹವನ್ನು ಕಡಿಯುವುದು ಟ್ರಾನ್ಸಿಸ್ಟರು. ಯಾವುದೂ ಒಂದಕ್ಕೊಂದು ಉಜ್ಜುವುದಿಲ್ಲ. ಸಿ.ಡಿ.ಐ. ಎಂದು ಮೆಕ್ಯಾನಿಕರು ಹೇಳುವುದು ಇದರ ಇನ್ನೊಂದು ಬಗೆ. ಅದು ಒಂದು ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ತುಂಬಿಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಅದನ್ನು ಕಾಯಿಲಿನೊಳಕ್ಕೆ ಒಮ್ಮೆಲೇ ಸುರಿಯುತ್ತದೆ. ಟೂ-ಸ್ಟ್ರೋಕ್ ಇಂಜಿನುಗಳಲ್ಲಿ ಎಣ್ಣೆಯ ಮಸಿ ಹಿಡಿದ ಪ್ಲಗ್ಗಿನಲ್ಲಿಯೂ ಕಿಡಿ ಹಾರಿಸುವ ಗುಣ ಇದಕ್ಕೆ ಹೆಚ್ಚು. ಜಪಾನಿನ ಕವಾಸಾಕಿಯವರು ೧೯೬೯ರಲ್ಲಿಯೇ ತಮ್ಮ ೫೦೦ ಸಿ.ಸಿ. ಟೂ-ಸ್ಟ್ರೋಕ್ ಗಾಡಿಗೆ ಇದನ್ನು ಅಳವಡಿಸಿದ್ದರು.

ಇನ್ನು ನಮ್ಮ ಹಳೆಯ ಜಾವಾಕ್ಕೆ ಇದನ್ನು ಜೋಡಿಸುವ ದಾರಿಗಳನ್ನು ನೋಡೋಣ. ಪಾಯಿಂಟನ್ನು ಅಲ್ಲಿಯೇ ಬಿಟ್ಟು, ಕಾಯಿಲಿನ ಪ್ರವಾಹವನ್ನು ಕಡಿಯುವ ಭಾರವನ್ನು ಮಾತ್ರ ಒಂದು ಟ್ರಾನ್ಸಿಸ್ಟರ್ ಪೆಟ್ಟಿಗೆಗೆ ವಹಿಸುವುದು ಅತ್ಯಂತ ಅಗ್ಗದ ದಾರಿ. ಗುಂಡಿಗಳು ಸುಡುವುದು ನಿಲ್ಲುತ್ತದೆ, ಹಿಮ್ಮಡಿ ಸವೆಯುವುದು ನಿಲ್ಲುವುದಿಲ್ಲ. ಪಾಯಿಂಟನ್ನು ತೆಗೆದು ಸೆನ್ಸರನ್ನು ಕೂರಿಸಿ, ಹಳೆಯ ಡೈನಮೋವನ್ನೂ ಬ್ಯಾಟರಿಯನ್ನೂ ಹಾಗೆಯೇ ಉಳಿಸಿಕೊಳ್ಳುವುದು ಎರಡನೆಯದು. ಕೇಳುವುದಕ್ಕೆ ಇದು ಚೆನ್ನಾಗಿದೆ. ಆದರೆ ೬ ವೋಲ್ಟಿನ ಗಾಡಿಯಲ್ಲಿ ಇದರ ಮೇಲೆ ನನಗೆ ಹೆಚ್ಚು ನಂಬಿಕೆ ಇಲ್ಲ. ಹಳೆಯ ತಂತಿ, ಕೀ ಸ್ವಿಚ್ಚು, ತುಕ್ಕು ಹಿಡಿದ ಅರ್ಥಿಂಗ್ ಇವು ಸೇರಿ ೧ ವೋಲ್ಟನ್ನು ನುಂಗಿದರೆ ೧೨ ವೋಲ್ಟಿನ ಗಾಡಿಗೆ ಹೋಗುವುದು ಹನ್ನೆರಡರಲ್ಲಿ ಒಂದು ಪಾಲು, ನಮ್ಮದಕ್ಕೆ ಆರರಲ್ಲಿ ಒಂದು ಪಾಲು. ಬ್ಯಾಟರಿ ಸ್ವಲ್ಪ ಸೊರಗಿದ್ದರೆ ಪಾಯಿಂಟು ಹೇಗೋ ಒಂದು ಬಡಕಲು ಕಿಡಿಯನ್ನಾದರೂ ಕೊಟ್ಟೀತು. ಎಲೆಕ್ಟ್ರಾನಿಕ್ ಪೆಟ್ಟಿಗೆ ತನಗೆ ಬೇಕಾದ ಒತ್ತಡ ಸಿಗದಿದ್ದರೆ ಸುಮ್ಮನೆ ಕುಳಿತುಬಿಡುತ್ತದೆ.

ಮೂರನೆಯದು ಡೈನಮೋವನ್ನೇ ಪೂರ್ತಿಯಾಗಿ ಕಳಚಿ, ಆ ಜಾಗದಲ್ಲಿ ಶಾಶ್ವತ ಅಯಸ್ಕಾಂತದ ಹೊಸ ಜನಕವನ್ನು ಕೂರಿಸುವುದು. ಚೆಕ್ ದೇಶದ ವಾಪೆ ಎಂಬ ಕಂಪೆನಿ ಜಾವಾ ಗಾಡಿಗಳಿಗೆಂದೇ ಇಂಥ ಸೆಟ್ಟುಗಳನ್ನು ಮಾಡುತ್ತದೆ. ಇದರಿಂದ ಗಾಡಿ ೧೨ ವೋಲ್ಟಿಗೆ ಏರುತ್ತದೆ. ಕಿಡಿಗೆ ಬೇಕಾದ ಶಕ್ತಿ ಜನಕದಿಂದಲೇ ನೇರವಾಗಿ ಬರುವುದರಿಂದ ಬ್ಯಾಟರಿ ಸತ್ತಿದ್ದರೂ ಇಂಜಿನು ಹೊರಡುತ್ತದೆ. ಹೆಡ್‌ಲೈಟು ರಾತ್ರಿಯ ಹೊತ್ತು ದಾರಿ ಕಾಣುವಷ್ಟು ಉರಿಯುವುದು ಇನ್ನೊಂದು ಲಾಭ. ರಾತ್ರಿ ಪಾಳಿ ಮುಗಿಸಿ ಬರುವವನಿಗೆ ಇದೇ ದೊಡ್ಡ ಲಾಭವೆಂದರೂ ಸಲ್ಲುತ್ತದೆ. ಆದರೆ ಖರ್ಚು ಸೆಟ್ಟಿನ ಬೆಲೆಗೆ ನಿಲ್ಲುವುದಿಲ್ಲ. ಬ್ಯಾಟರಿ, ಬಲ್ಬುಗಳು, ಹಾರನ್ನು, ಎಲ್ಲವೂ ೧೨ ವೋಲ್ಟಿನವು ಆಗಬೇಕು. ಅಂಗಡಿಯವನು ಹೇಳುವ ಬೆಲೆಯಲ್ಲಿ ಇವು ಸೇರಿವೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ದಿನವೂ ಕೆಲಸಕ್ಕೆ ಇದೇ ಗಾಡಿಯಲ್ಲಿ ಹೋಗಬೇಕಾದವನು ಮಾಡಿಸುವುದಾದರೆ ಮೂರನೆಯದನ್ನೇ ಮಾಡಿಸಲಿ, ಅದಕ್ಕೆ ಹಣ ಕೂಡುವವರೆಗೆ ಪಾಯಿಂಟನ್ನೇ ಚೆನ್ನಾಗಿಟ್ಟುಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಭಾನುವಾರ ಮಾತ್ರ ಹೊರಗೆ ತೆಗೆಯುವವನಿಗೆ ಇದಾವುದರ ಅಗತ್ಯವೂ ಇಲ್ಲ. ಸರಿಯಾಗಿ ಹೊಂದಿಸಿದ ಪಾಯಿಂಟಿಗಿಂತ ಎಲೆಕ್ಟ್ರಾನಿಕ್ಕಿನಿಂದ ಹೆಚ್ಚು ಮೈಲೇಜು ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂದು ಹೊಂದಿಸಿದ್ದು ಆರು ತಿಂಗಳ ಮೇಲೆಯೂ ಹಾಗೆಯೇ ಇರುತ್ತದೆ ಎಂಬುದೇ ಅದರ ಗುಣ.

ಆದರೆ ಇದಕ್ಕೂ ಮುಂಚಿನ ಪ್ರಶ್ನೆಯೊಂದಿದೆ. ತೊಂದರೆ ಪಾಯಿಂಟಿನದೇ ಹೌದೆ? ತಣ್ಣಗಿರುವಾಗ ಸರಿಯಾಗಿ ಹೊರಟು, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಆರಿದ ಮೇಲೆ ಮತ್ತೆ ಹೊರಡುವ ಗಾಡಿಯಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಕಂಡೆನ್ಸರು ಅಥವಾ ಕಾಯಿಲು. ಗುಂಡಿಗಳು ಪದೇಪದೇ ಕಪ್ಪಾಗಿ ಸುಡುತ್ತಿದ್ದರೂ ಮೊದಲ ಅನುಮಾನ ಕಂಡೆನ್ಸರಿನ ಮೇಲೆ. ಅದು ಅಗ್ಗದ ವಸ್ತು. ಬಲಗಡೆಯ ಮುಚ್ಚಳದೊಳಗೆ ಎಣ್ಣೆ ಜಿನುಗಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ. ಟೂ-ಸ್ಟ್ರೋಕ್ ಇಂಜಿನಿನಲ್ಲಿ ಆ ಸೀಲು ಎಣ್ಣೆಯನ್ನು ತಡೆಯುವುದಷ್ಟೇ ಅಲ್ಲ, ಹೊರಗಿನ ಗಾಳಿಯನ್ನೂ ತಡೆಯುತ್ತದೆ. ಅದರ ಮೂಲಕ ಗಾಳಿ ನುಗ್ಗಿದರೆ ಪೆಟ್ರೋಲಿನ ಮಿಶ್ರಣ ತೆಳ್ಳಗಾಗಿ ಪಿಸ್ಟನ್ನು ಹಿಡಿದುಕೊಳ್ಳುವ ಅಪಾಯವಿದೆ. ಇದಕ್ಕೆ ಯಾವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಔಷಧವಲ್ಲ. ಡೈನಮೋದ ತಿರುಗುವ ಭಾಗವನ್ನು ಕೈಯಿಂದ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟ ಕಂಡುಬಂದರೆ ಬೇರಿಂಗು ಸವೆದಿದೆ ಎಂದರ್ಥ. ಆಗ ಕ್ಯಾಮು ಓಲಾಡಿ ಪಾಯಿಂಟಿನ ಸಂದಿ ಸುತ್ತಿಗೊಂದು ಬಗೆಯಾಗುತ್ತದೆ. ಎಷ್ಟು ಸಲ ಹೊಂದಿಸಿದರೂ ನಿಲ್ಲುವುದಿಲ್ಲ. ಬೇರಿಂಗನ್ನು ಬಿಟ್ಟು ಹೊಸ ಸೆಟ್ಟನ್ನು ಮಾತ್ರ ಹಾಕಿಸಿದರೆ ಅಯಸ್ಕಾಂತದ ಚಕ್ರ ಸುತ್ತಲಿನ ಕಾಯಿಲುಗಳಿಗೆ ತಗುಲಿ ಉಜ್ಜುತ್ತದೆ, ಕೊಟ್ಟ ಹಣ ಪುಡಿಯಾಗುತ್ತದೆ.

ಜೋಡಿಸುವಾಗ ಪಕ್ಕದಲ್ಲಿ ನಿಂತು ಕೆಲವು ಸಂಗತಿಗಳನ್ನು ಗಮನಿಸಬೇಕು. ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಬೇಕೆಂಬುದನ್ನು ಸೆಟ್ಟಿನ ಕಾಗದದಲ್ಲಿ ಓದದೆ ತಂತಿ ಕೊಡಬಾರದು. ಒಂದು ಕ್ಷಣದ ತಿರುವುಮುರುವಿಗೆ ಪೆಟ್ಟಿಗೆ ಸಾಯುತ್ತದೆ. ಸಿ.ಡಿ.ಐ.ಗೆ ಅದರದೇ ಕಾಯಿಲ್ ಬೇಕು, ಪಾಯಿಂಟಿನ ಕಾಯಿಲನ್ನು ಅದಕ್ಕೆ ಬೆರೆಸಬಾರದು. ಪ್ಲಗ್ ಕ್ಯಾಪು ರೆಸಿಸ್ಟರ್ ಉಳ್ಳದ್ದಾಗಿರಬೇಕು, ಇಲ್ಲದಿದ್ದರೆ ಕಿಡಿಯ ಗದ್ದಲ ಸೆನ್ಸರನ್ನು ಗೊಂದಲಕ್ಕೀಡುಮಾಡುತ್ತದೆ. ಕೆಲವು ಸೆಟ್ಟುಗಳಲ್ಲಿ ಇಂಜಿನು ನಿಲ್ಲಿಸುವ ತಂತಿಯನ್ನು ಚಾಸಿಗೆ ಮುಟ್ಟಿಸಿದರೆ ಇಂಜಿನು ನಿಲ್ಲುತ್ತದೆ. ಹಳೆಯ ಕೀ ಸ್ವಿಚ್ಚಿನ ರೀತಿ ಇದಕ್ಕೆ ತದ್ವಿರುದ್ಧ. ಹಳೆಯ ಅಭ್ಯಾಸದಲ್ಲಿ ಆ ತಂತಿಗೆ ಬ್ಯಾಟರಿಯ ಪ್ರವಾಹ ಕೊಟ್ಟರೆ ಪೆಟ್ಟಿಗೆ ಸುಡುವುದು. ಕಿಡಿ ಪರೀಕ್ಷಿಸುವಾಗ ಪ್ಲಗ್ಗು ಸಿಲಿಂಡರಿನ ತಲೆಗೆ ತಗುಲಿರಲೇಬೇಕು. ತಂತಿಯನ್ನು ಗಾಳಿಯಲ್ಲಿ ಹಿಡಿದು ಕಿಕ್ ಹೊಡೆಯುವ ಹಳೆಯ ರೂಢಿಯಿಂದ ಪೆಟ್ಟಿಗೆಗೂ ಕೇಡು, ಕೈಗೂ ಅಪಾಯ.

ಟೈಮಿಂಗ್ ಇಡುವುದಂತೂ ಕಣ್ಣಂದಾಜಿನ ಕೆಲಸವಲ್ಲ. ಪ್ಲಗ್ಗಿನ ತೂತಿನಲ್ಲಿ ಅಳತೆಯ ಗೇಜು ಇಳಿಬಿಟ್ಟು, ಪಿಸ್ಟನ್ನು ಮೇಲಿನ ತುದಿಗಿಂತ ಎಷ್ಟು ಮಿಲಿಮೀಟರು ಕೆಳಗಿರುವಾಗ ಕಿಡಿ ಹಾರಬೇಕೆಂದು ಸೆಟ್ಟಿನ ಕಾಗದ ಹೇಳುತ್ತದೆಯೋ ಅಲ್ಲಿಯೇ ಗುರುತು ಹಾಕಬೇಕು. ಕಿಡಿ ತೀರ ಮುಂಚಿತವಾದರೆ ಕಿಕ್ಕು ತಿರುಗಿ ಕಾಲಿಗೆ ಹೊಡೆಯುತ್ತದೆ, ಪಿಸ್ಟನ್ನಿನ ತಲೆ ತೂತಾಗುವುದೂ ಉಂಟು. ಗೇಜಿಲ್ಲದ ಮೆಕ್ಯಾನಿಕನ ಕೈಗೆ ಈ ಕೆಲಸವನ್ನು ಕೊಡಬೇಡಿ, ಅವನು ಎಷ್ಟೇ ಪರಿಚಿತನಾಗಿರಲಿ.

ಕಾನೂನಿನ ವಿಚಾರ ಒಂದೆರಡು ಮಾತು. ಖಾಸಗಿ ವಾಹನದ ನೋಂದಣಿಯನ್ನು ೧೫ ವರ್ಷಗಳಾದ ಮೇಲೆ ನವೀಕರಿಸಬೇಕೆಂಬುದು ಎಲ್ಲರಿಗೂ ಗೊತ್ತು. ೨೦೨೧ರಲ್ಲಿ ಕೇಂದ್ರ ಸರಕಾರವು ೫೦ ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮಗಳನ್ನು ತಂದಿತು. ಆ ನಿಯಮಗಳ ಪ್ರಕಾರ ಅಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದುದರಿಂದ ದಿನವೂ ಓಡಿಸುವವನಿಗೆ ಅದು ತಕ್ಕದ್ದಲ್ಲ. ಆದರೆ ಮುಂದೊಂದು ದಿನ ಆ ದಾರಿ ಹಿಡಿಯುವ ಯೋಚನೆಯಿದ್ದರೆ, ಬಿಚ್ಚಿದ ಡೈನಮೋ, ಪಾಯಿಂಟ್ ಪ್ಲೇಟು, ಕಾಯಿಲು, ಕಟ್‌ಔಟು ಇವನ್ನು ಒಂದು ಡಬ್ಬಿಯಲ್ಲಿ ಎಣ್ಣೆ ಸವರಿ ಇಟ್ಟುಕೊಳ್ಳಬೇಕು. ಗ್ಯಾರೇಜಿನವರು "ಹಳೇದು ನಮಗೇ ಬಿಡಿ ಸಾರ್" ಎಂದು ಬೆಲೆಯಲ್ಲಿ ಸ್ವಲ್ಪ ಬಿಡುವ ಆಸೆ ತೋರಿಸಿದರೂ ಕೊಡಬೇಡಿ.

ಆ ಡಬ್ಬಿಗೆ ಬೇರೊಂದು ಪ್ರಯೋಜನವೂ ಇದೆ. ಪಾಯಿಂಟು ದಾರಿಯಲ್ಲಿ ಕೈಕೊಟ್ಟರೆ ಎಮರಿ ಕಾಗದದ ಒಂದು ಚೂರು, ಒಂದು ಸ್ಕ್ರೂ ಡ್ರೈವರು ಇದ್ದರೆ ಮನೆ ಸೇರಬಹುದು. ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಡುವುದು ಅಪರೂಪ, ಆದರೆ ಕೆಟ್ಟರೆ ದಾರಿಯಲ್ಲಿ ಮಾಡುವುದಕ್ಕೆ ಏನೂ ಇಲ್ಲ, ತಳ್ಳುವುದೊಂದೇ. ಹೊಸ ಪೆಟ್ಟಿಗೆ ಅಂಚೆಯಲ್ಲಿ ಬರಲು ವಾರಗಟ್ಟಲೆ ಕಾಯಬೇಕಾದೀತು. ಅಷ್ಟು ದಿನ ಹಳೆಯ ಡೈನಮೋವನ್ನೇ ಮತ್ತೆ ಕೂರಿಸಿ ಓಡಿಸಬಹುದು. ೬ ವೋಲ್ಟಿನ ಬಲ್ಬು, ಬ್ಯಾಟರಿಗಳನ್ನೂ ಎಸೆಯದೆ ಇಟ್ಟಿದ್ದರೆ.

ಜೋಡಿಸಿದ ಮೇಲೆ ಸುಮಾರು ಐನೂರು ಕಿಲೋಮೀಟರು ಓಡಿದಾಗ ಬಲಗಡೆಯ ಮುಚ್ಚಳವನ್ನು ಇನ್ನೊಮ್ಮೆ ತೆಗೆದು, ನಡುವಿನ ಬೋಲ್ಟು ಬಿಗಿಯಾಗಿದೆಯೇ, ಟೈಮಿಂಗಿನ ಗುರುತು ಸರಿದಿಲ್ಲವೇ, ತಂತಿ ಎಲ್ಲಿಯಾದರೂ ಚೈನಿಗೆ ತಗುಲುತ್ತಿದೆಯೇ ಎಂದು ನೋಡಬೇಕು. ಪ್ಲಗ್ಗನ್ನೂ ಬಿಚ್ಚಿ ನೋಡಿ. ಅದು ಕಾಫಿಪುಡಿಯ ಬಣ್ಣದ್ದಾಗಿದ್ದರೆ ಎಲ್ಲ ಸರಿಯಿದೆ. ಬೂದುಬಿಳುಪಾಗಿದ್ದರೆ ಗಾಡಿಯನ್ನು ಆ ದಿನವೇ ನಿಲ್ಲಿಸಿ, ಸೀಲನ್ನೂ ಕಾರ್ಬ್ಯುರೇಟರನ್ನೂ ಟೈಮಿಂಗನ್ನೂ ಮತ್ತೊಮ್ಮೆ ಪರೀಕ್ಷಿಸಿಸಬೇಕು.