ಜೇಬಿನಲ್ಲಿದ್ದ ಚಷ್ಮಾ

ಮಾಸ್ಕ್ ಹಾಕಿದರೆ ಕನ್ನಡಕ ಮಂಜಾಗುವ ಕಿರಿಕಿರಿ ಕೊರೊನಾ ಕಾಲದಲ್ಲಿ ಎಲ್ಲರಿಗೂ ಗೊತ್ತಾಯಿತು. ನವಿ ಮುಂಬೈನ ತಳೋಜಾದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿರುವ ನನಗೆ ಅದೊಂದು ಎಚ್ಚರಿಕೆಯೂ ಹೌದು. ಗಾಜು ಮಂಜಾಯಿತೆಂದರೆ ಮೂಗಿನ ಬಳಿ ಸಂದಿಯಿದೆ ಎಂದೇ ಅರ್ಥ. ಉಸಿರು ಹೊರಹೋಗುವ ದಾರಿಯಲ್ಲಿ ವಿಷಗಾಳಿ ಒಳಗೂ ಬರಬಹುದು.

ಎರಡು ವರ್ಷದ ಹಿಂದೆ ಒಂದು ಮಾಕ್ ಡ್ರಿಲ್. ಪೂರ್ತಿ ಮುಖ ಮುಚ್ಚುವ ಮಾಸ್ಕ್ ಧರಿಸಿ 14ನೇ ನಂಬರಿನ ವಾಲ್ವ್ ಮುಚ್ಚಬೇಕಿದ್ದ ಹಿರಿಯ ಆಪರೇಟರ್, ಪಕ್ಕದ ವಾಲ್ವ್ ಮುಚ್ಚಿಬಿಟ್ಟರು. ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಪಕ್ಕಕ್ಕೆ ಕರೆದು, ‘ಏನಾಯ್ತು ಕಾಕಾ?’ ಎಂದೆ. ಜೇಬಿನಿಂದ ಕನ್ನಡಕ ತೆಗೆದು ತೋರಿಸಿದರು.

‘ಚಷ್ಮಾ ಹಾಕ್ಕೊಂಡ್ರ ಮಾಸ್ಕ್ ಸರಿ ಕೂಡಂಗಿಲ್ಲ ಸಾಹೇಬ್ರ, ತಗದ್ರ ನಂಬರ್ ಕಾಣಂಗಿಲ್ಲ. ಹೇಳಿದ್ರ ಕೆಲಸ ಹೋಗತದಂತ ಸುಮ್ಕಿದ್ದೆ.’

ನಾನೂ ಕನ್ನಡಕದವನೇ. ಅಂದು ಸಂಜೆ ನನ್ನ ಮೇಲೇ ಪರೀಕ್ಷೆ ಮಾಡಿಕೊಂಡೆ. ಬಾಳೆಹಣ್ಣಿನ ವಾಸನೆ ಬರುವ ಐಸೊಅಮೈಲ್ ಅಸಿಟೇಟ್ ಬಳಸಿ ಮಾಸ್ಕ್ ಸೋರುತ್ತದೆಯೇ ಎಂದು ನೋಡುವ ಕ್ರಮವಿದೆ. ಕನ್ನಡಕದ ಕಡ್ಡಿಗಳು ಕಪಾಲದ ಬಳಿ ರಬ್ಬರ್ ಅಂಚನ್ನು ಎತ್ತಿ ಹಿಡಿದಿದ್ದವು. ಎರಡನೇ ಉಸಿರಿಗೇ ವಾಸನೆ ಬಂತು. ಕನ್ನಡಕ ತೆಗೆದೆ, ವಾಸನೆಯಿಲ್ಲ. ಆದರೆ ಎದುರಿನ ಫಲಕದ ಅಕ್ಷರಗಳೆಲ್ಲ ಇರುವೆ ಸಾಲು! ಕಾಕಾಗೆ ತರಬೇತಿ ಕೊಟ್ಟವನು ನಾನೇ. ಕಣ್ಣಿನ ವಿಷಯ ಒಮ್ಮೆಯೂ ಕೇಳಿರಲಿಲ್ಲ.

ಪರಿಹಾರ ಸಣ್ಣದು. ಮಾಸ್ಕ್ ಒಳಗೇ ಕೂರುವ, ಕಿವಿಗೆ ಕಡ್ಡಿಯಿಲ್ಲದ ಫ್ರೇಮ್ ಸಿಗುತ್ತದೆ. ಮಾಸ್ಕ್ ತಯಾರಿಸಿದ ಕಂಪನಿಯದೇ ಫ್ರೇಮ್ ತರಿಸಿ, ಕನ್ನಡಕದ ಅಂಗಡಿಯಲ್ಲಿ ನಮ್ಮ ನಂಬರಿನ ಗಾಜು ಕೂರಿಸಿಕೊಂಡರಾಯಿತು. ಪರ್ಚೇಸ್ ವಿಭಾಗ ಖರ್ಚಿನ ತಕರಾರು ತೆಗೆಯಿತು. ಡ್ರಿಲ್ ವರದಿ ಮುಂದಿಟ್ಟ ಮೇಲೆ ಒಪ್ಪಿತು. ಯಾರ ಕೆಲಸಕ್ಕೂ ಕುತ್ತು ಬರುವುದಿಲ್ಲ ಎಂದು ಬರೆದು ಅಂಟಿಸಿದ ಮೇಲೆ ಮೂವರಿದ್ದ ಪಟ್ಟಿ ಹನ್ನೊಂದಕ್ಕೇರಿತು.

ಕಾಂಟ್ಯಾಕ್ಟ್ ಲೆನ್ಸ್ ಕೂಡ ಹಾಕಬಹುದು. ಅಮೆರಿಕದ ಓಶಾ ಹಿಂದಿದ್ದ ನಿಷೇಧವನ್ನು 1998ರಲ್ಲಿ ಕೈಬಿಟ್ಟಿತು. ಮೂಗು, ಬಾಯಿ ಮಾತ್ರ ಮುಚ್ಚುವ ಮಾಸ್ಕಾದರೆ ಮೊದಲು ಮಾಸ್ಕ್, ನಂತರ ಕನ್ನಡಕ. ಅದು ಮೂಗಿನ ಮೇಲಿನ ಅಂಚನ್ನು ಅಲುಗಿಸಬಾರದು. ಪ್ರತಿಸಲವೂ ಕಾರ್ಟ್ರಿಜ್‌ಗಳನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಅಂಟಿಕೊಂಡು ಹಾಗೇ ನಿಲ್ಲಬೇಕು.

ಮುಂದಿನ ಡ್ರಿಲ್‌ನಲ್ಲಿ ಕಾಕಾ ನೇರ 14ನೇ ವಾಲ್ವ್‌ಗೇ ಕೈಹಾಕಿದರು. ಮಾಸ್ಕ್ ತೆಗೆದು, ‘ಈಗ ನಿಮ್ಮ ಮಾರಿ ಮ್ಯಾಲಿನ ಕಾಳಜೀನೂ ಕಾಣತದ್ರಿ’ ಎಂದು ನಕ್ಕರು.

ನಿಮ್ಮ ಕಾರ್ಖಾನೆಯಲ್ಲೂ ಯಾರ ಜೇಬಿನಲ್ಲಾದರೂ ಚಷ್ಮಾ ಅಡಗಿದೆಯೇ, ಒಮ್ಮೆ ಕೇಳಿ ನೋಡಿ.